ಟೈಲರಣ್ಣನ ಮಿಷನ್ನು ನಿಲ್ಲಲಿಲ್ಲ

ಆ ಭಾನುವಾರ ಬೆಳಿಗ್ಗೆ ಟೈಲರಣ್ಣನ ಹೊಲಿಗೆ ಮಿಷನ್ನು ಒಂದೇ ಒಂದು ಸಲ ನಿಂತಿದ್ದರೂ ನಮ್ಮ ಕತೆಗಾರರಿಗೆ ಇಷ್ಟೆಲ್ಲ ಪಾಡು ಬರುತ್ತಿರಲಿಲ್ಲ.

ಕತೆಗಾರರು ವಾರವಿಡೀ ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತರು, ಭಾನುವಾರ ಮಾತ್ರ ಸಾಹಿತಿಗಳು. ಹೊಸ ಕತೆ ಬರೆದರೆ ಅವರು ಮೊದಲು ಓದಿ ಹೇಳುವುದು ಹೆಂಡತಿಗಲ್ಲ, ಬೀದಿ ಕೊನೆಯ ಟೈಲರಣ್ಣನಿಗೆ. ಟೈಲರಣ್ಣ ಪೆಡಲ್ ತುಳಿಯುತ್ತಲೇ ಕೇಳುತ್ತಾನೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವವನಲ್ಲ. ಆದರೆ ಕತೆ ಮನಸ್ಸಿಗೆ ನಾಟಿದ ಕಡೆ ಅವನ ಕಾಲು ತನ್ನಷ್ಟಕ್ಕೆ ತಾನೇ ನಿಲ್ಲುತ್ತದೆ, ಮಿಷನ್ನೂ ನಿಲ್ಲುತ್ತದೆ. ಅಲ್ಲೆಲ್ಲ ಕತೆಗಾರರು ಹಾಳೆಯ ಅಂಚಿನಲ್ಲಿ ಗುಟ್ಟಾಗಿ ಒಂದು ಟಿಕ್ಕು ಹಾಕಿಕೊಳ್ಳುತ್ತಾರೆ. ಈ ಲೆಕ್ಕಾಚಾರ ಟೈಲರಣ್ಣನಿಗೇ ಗೊತ್ತಿಲ್ಲ. ಹದಿನಾಲ್ಕು ವರ್ಷದಲ್ಲಿ ಐದು ಟಿಕ್ಕಿಗಿಂತ ಕಡಿಮೆ ಬಿದ್ದ ಕತೆಯನ್ನು ಅವರು ಯಾವ ಪತ್ರಿಕೆಗೂ ಕಳಿಸಿದವರಲ್ಲ. ಐದು ಟಿಕ್ಕಿನ ಕತೆಗಳನ್ನೂ ಪತ್ರಿಕೆಯವರು ವಾಪಸು ಕಳಿಸಿದ್ದಾರೆ, ಆ ಮಾತು ಬೇರೆ.

ಅಂದು ಸಂಜೆ ಐದಕ್ಕೆ ಟೈಲರ್ ಅಂಗಡಿಯ ಮೇಲಿನ ವಾಚನಾಲಯದಲ್ಲಿ ಕತೆಗಾರರ ಕಥಾವಾಚನ. ಕೇಳಲು ದೊಡ್ಡ ವಾರಪತ್ರಿಕೆಯ ಸಂಪಾದಕರು ಖುದ್ದಾಗಿ ಬರುವವರಿದ್ದರು. ಹಿಡಿಸಿದರೆ ಕತೆ ವಿಶೇಷಾಂಕಕ್ಕೆ. ಒಮ್ಮೆಯಾದರೂ ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡಬೇಕೆಂದು ಜೀವ ಹಿಡಿದುಕೊಂಡಿದ್ದ ಕತೆಗಾರರು ಹೊಸ ಅಂಗಿಗೂ ಅಳತೆ ಕೊಟ್ಟಿದ್ದರು.

ಬೆಳಿಗ್ಗೆ ಆ ಅಂಗಿಯ ತೋಳು ಮಿಷನ್ನಿನ ಮೇಲಿರುವಾಗಲೇ ಅವರು ಸ್ಟೂಲ್ ಎಳೆದು ಕೂತು ಓದಿದರು. ಕತೆ ಒಬ್ಬ ಬೀಗ ರಿಪೇರಿಯವನದು. ಒಂಟಿಯಾಗಿರುವ ನಿವೃತ್ತ ಟೀಚರಮ್ಮ ತಿಂಗಳಿಗೊಮ್ಮೆ ಅವನನ್ನು ಕರೆಸಿ, "ಬೀರುವಿನ ಬೀಗದ ಕೈ ಕಳೆದುಹೋಗಿದೆ" ಎನ್ನುತ್ತಾರೆ. ಅವನು ಬೀಗ ಬಿಚ್ಚುವಷ್ಟು ಹೊತ್ತೂ ಬಾಯಿತುಂಬ ಮಾತಾಡುತ್ತಾರೆ. ಒಂದು ದಿನ ಟೀ ಮಾಡಿಕೊಳ್ಳಲು ಹೋದವನಿಗೆ ಸಕ್ಕರೆ ಡಬ್ಬಿಯಲ್ಲಿ ಅಷ್ಟೂ ಬೀಗದ ಕೈಗಳು ಸಿಗುತ್ತವೆ. ಅವನು ಸದ್ದಾಗದಂತೆ ಡಬ್ಬಿ ಮುಚ್ಚಿ, "ಭಾರೀ ಗಟ್ಟಿ ಬೀಗ ಅಮ್ಮಾ, ಇವತ್ತು ಹೊತ್ತಾಗುತ್ತೆ" ಎನ್ನುತ್ತಾನೆ. ಅಲ್ಲಿಗೆ ಕತೆ ಮುಗಿಯಿತು.

ಮಿಷನ್ನು ಮುಗಿಯಲಿಲ್ಲ. ಟೀಚರಮ್ಮ ಬಂದಾಗ ನಿಲ್ಲಲಿಲ್ಲ, ಸಕ್ಕರೆ ಡಬ್ಬಿ ತೆರೆದಾಗ ನಿಲ್ಲಲಿಲ್ಲ, ಕತೆಗಾರರು ಹಾಳೆ ಮಡಿಸಿ ಎರಡು ಸಲ ಕೆಮ್ಮಿದರೂ ಕಟಕಟ ಓಡುತ್ತಲೇ ಇತ್ತು. ಟೈಲರಣ್ಣ ತಲೆ ಎತ್ತಲಿಲ್ಲ.

ಒಂದೂ ಟಿಕ್ಕಿಲ್ಲ!

ಸಪ್ಪೆ ಮೋರೆ ಹೊತ್ತು ಬರುತ್ತಿದ್ದವರನ್ನು ಮೆಡಿಕಲ್ ಶಾಪಿನವರು ತಡೆದು ನಿಲ್ಲಿಸಿ, ಕತೆ ಕೇಳಿ, ಔಷಧಿ ಚೀಟಿ ನೋಡುವವರಂತೆ ಹುಬ್ಬು ಗಂಟಿಕ್ಕಿದರು. "ಕಾಯಿಲೆಯೇ ಇಲ್ವಲ್ರೀ ಇದರಲ್ಲಿ! ಜನ ಅಳೋದು ಹೇಗೆ? ಆ ಬೀಗದವನಿಗೆ ಹಾರ್ಟ್ ಪ್ರಾಬ್ಲಂ ಕೊಡಿ. ಟೀಚರಮ್ಮಂಗೆ ಶುಗರ್ ಇರಲಿ, ಹೇಗೂ ಸಕ್ಕರೆ ಡಬ್ಬಿ ಇದೆ."

ಮನೆಗೆ ಬಂದು ಹಾರ್ಟು, ಶುಗರು ಎರಡನ್ನೂ ಬರೆದು, ಕತೆಯನ್ನು ಅಲ್ಲಲ್ಲಿ ಕತ್ತರಿಸಿ ಗೋಂದು ಹಚ್ಚಿ ಅಂಟಿಸುವಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ನಿವೃತ್ತರಾದ ಮೇಲೆ ಇಡೀ ಬೀದಿಯನ್ನೇ ತರಗತಿ ಮಾಡಿಕೊಂಡಿರುವ ಇವರೇ ವಾಚನಾಲಯದ ಅಧ್ಯಕ್ಷರು. ಬಾಗಿಲ ಬೀಗದ ಕೈ ಯಾವಾಗಲೂ ಅವರ ಜೇಬಿನಲ್ಲೇ.

"ನೀತಿ ಎಲ್ಲಿ?" ಎಂದರು ಹೆಡ್‌ಮಾಸ್ಟರು. "ಟೀಚರ್ ಆಗಿದ್ದವರು ಸುಳ್ಳು ಹೇಳೋದಾ? ಮಕ್ಕಳು ಏನು ಕಲೀತಾರೆ? ಕೊನೇಲಿ ಅವರು ತಪ್ಪು ಒಪ್ಕೊಳ್ಳಲಿ. ಹಾಗೇ ಪ್ರಾಮಾಣಿಕತೆ ಮೇಲೆ ಎರಡು ಪುಟ ಭಾಷಣ ಮಾಡಲಿ. ತಗೊಳ್ಳಿ ಪೆನ್ನು, ನಾನೇ ಹೇಳ್ತೀನಿ."

ಹೇಳಿದರು. ಎರಡು ಪುಟ ಎಂದದ್ದು ಏಳಾಯಿತು, ಗಂಟೆ ನಾಲ್ಕೂವರೆಯಾಯಿತು. ಕತೆಗಾರರ ಹೆಂಡತಿ ಟೀ ಲೋಟ ಇಡುತ್ತ, "ರೀ, ರಾತ್ರಿ ನೀವು ಮಲಗಿದ ಮೇಲೆ ಓದಿದೆ. ಚೆನ್ನಾಗಿತ್ತಲ್ಲ, ಯಾಕೆ ಕೈಯಾರೆ ಹಾಳು ಮಾಡ್ಕೋತೀರಿ?" ಎಂದರು.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಮಿಷನ್ನೇ ನಿಲ್ಲಲಿಲ್ಲ" ಎಂದರು ಕತೆಗಾರರು. ಯಾವ ಮಿಷನ್ನೋ ಏನು ಕತೆಯೋ ಎಂದುಕೊಂಡು ಆಕೆ ಹೊಸ ಅಂಗಿ ತರಲು ಹೊರಟರು.

ಅಂಗಿ ಬಂದಾಗ ಐದಕ್ಕೆ ಐದೇ ನಿಮಿಷ. ಕತೆಗಾರರು ಬಲಗೈ ತೂರಿಸಿದರು, ಸರಿಹೋಯಿತು. ಎಡಗೈ ತೂರಿಸಿದರು, ಹೊರಗೇ ಬರಲಿಲ್ಲ. ತೋಳಿನ ಬಾಯಿಗೆ ಈ ತುದಿಯಿಂದ ಆ ತುದಿಯವರೆಗೆ ಮೂರು ಸಾಲು ಭದ್ರವಾದ ಹೊಲಿಗೆ ಬಿದ್ದಿತ್ತು.

"ಕತೆ ಬೇಜಾರಾಗಿದ್ರೆ ಬಾಯಲ್ಲಿ ಹೇಳಬಾರ್ದಿತ್ತಾ? ಹೀಗೆ ಸೇಡು ತೀರಿಸ್ಕೊಳ್ಳೋದಾ?" ಎಂದು ಕತೆಗಾರರು ಕಣ್ಣಲ್ಲಿ ನೀರು ತಂದುಕೊಂಡರು. ಹೆಂಡತಿ ಬ್ಲೇಡ್ ಹುಡುಕುವಷ್ಟರಲ್ಲಿ ಹೆಡ್‌ಮಾಸ್ಟರು ಕತೆಗಾರರ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು. ಸಂಪಾದಕರು ನಾಲ್ಕಕ್ಕೇ ಬಂದು, ವಾಚನಾಲಯಕ್ಕೆ ಬೀಗ ಹಾಕಿದ್ದು ನೋಡಿ, ಕೆಳಗೆ ಟೈಲರಣ್ಣನ ಅಂಗಡಿಯಲ್ಲಿ ಒಂದು ಗಂಟೆ ಕೂತಿದ್ದಾರೆಂದು ಆಗಷ್ಟೇ ಸುದ್ದಿ ಬಂದಿತ್ತು.

ವಾಚನ ಶುರುವಾಯಿತು. ಎಡಗೈ ಚೀಲದೊಳಗೆ ಸಿಕ್ಕಿದಂತಿದ್ದುದರಿಂದ ಕತೆಗಾರರು ಬಲಗೈಯಲ್ಲಿ ಹಾಳೆ ಹಿಡಿದು ಗಲ್ಲದಿಂದ ಮಗುಚಿದರು. ಗೋಂದು ಒಣಗದ ಪುಟಗಳು ಒಂದಕ್ಕೊಂದು ಅಂಟಿಕೊಂಡು, ಹಾರ್ಟ್ ಅಟ್ಯಾಕ್ ಆದ ಬೀಗದವನು ಮುಂದಿನ ಪ್ಯಾರಾದಲ್ಲೇ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡಿದ. ಮೆಡಿಕಲ್ ಶಾಪಿನವರೊಬ್ಬರೇ ಅತ್ತರು. ನಲವತ್ತು ನಿಮಿಷದ ನಂತರ ಸಂಪಾದಕರು ಮೈಕಿನ ಮುಂದೆ ಬಂದರು.

"ಬೇಜಾರು ಮಾಡ್ಕೋಬೇಡಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಈ ಕತೆ ನಾನು ಒಂದು ಗಂಟೆ ಮುಂಚೆ ಕೇಳಿದೆ. ಕೆಳಗಡೆ, ಟೈಲರಣ್ಣನ ಬಾಯಲ್ಲಿ. ನನ್ನ ಕೋಟಿಗೆ ಒಂದು ಗುಂಡಿ ಹಾಕ್ತಾ ಹಾಕ್ತಾ ಹೇಳಿದ್ರು. ಮೂವತ್ತು ವರ್ಷದಲ್ಲಿ ಅಂಥ ಕತೆ ಕೇಳಿಲ್ಲ. ಅವರ ಹತ್ರ ಕೇಳಿಸ್ಕೊಂಡು ನೀವೂ ಬರೆಯೋಕೆ ಹೋಗಿದ್ದೀರಿ. ಆಸೆ ತಪ್ಪಲ್ಲ. ಆದ್ರೆ ಕೆಟ್ಟುಹೋಗಿದೆ."

ಹಿಂದಿನ ಸಾಲಿನಲ್ಲಿದ್ದ ಟೈಲರಣ್ಣ ದಡಬಡ ಎದ್ದು ನಿಂತ. "ಅಯ್ಯಯ್ಯೋ ಇಲ್ಲ ಸ್ವಾಮಿ! ಅದು ಇವರದ್ದೇ ಕತೆ. ಬೆಳಿಗ್ಗೆ ನಂಗೆ ಓದಿದ್ರು."

"ನೋಡಿ! ಎಂಥಾ ವಿನಯ!" ಎಂದರು ಸಂಪಾದಕರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಟೈಲರಣ್ಣ 'ಇಲ್ಲ, ಇಲ್ಲ' ಎಂದಷ್ಟೂ ಚಪ್ಪಾಳೆ ಜೋರಾಯಿತು. ಕತೆಗಾರರಿಗೂ ತಟ್ಟುವ ಮನಸ್ಸಿತ್ತೇನೋ, ಆದರೆ ಒಂದೇ ಕೈ ಹೊರಗಿತ್ತು.

"ಒಂದು ಉಪಕಾರ ಮಾಡಿ" ಎಂದರು ಸಂಪಾದಕರು ಕತೆಗಾರರ ಹೆಗಲ ಮೇಲೆ ಕೈಯಿಟ್ಟು. "ನಿಮ್ಮ ಅಕ್ಷರ ದುಂಡಾಗಿದೆ. ಅವರು ಹೇಳಿದ ಹಾಗೇ, ಒಂದು ಮಾತೂ ಸೇರಿಸದೆ ಬರೆದುಕೊಡಿ. ವಿಶೇಷಾಂಕದಲ್ಲಿ ಅವರ ಹೆಸರಲ್ಲೇ ಹಾಕೋಣ."

ಎಲ್ಲರೂ ಹೋದ ಮೇಲೆ ಇಬ್ಬರೂ ಅಂಗಡಿಯಲ್ಲಿ ಕೂತರು. ಟೈಲರಣ್ಣ ಅಳುಮೋರೆ ಮಾಡಿಕೊಂಡು ತೋಳಿನ ಹೊಲಿಗೆ ಬಿಚ್ಚಿದ.

"ಕ್ಷಮಿಸಿಬಿಡಿ ಸಾರ್. ನೀವು ಓದೋವಾಗ ನಾನು ಈ ಲೋಕದಲ್ಲೇ ಇರ್ಲಿಲ್ಲ. ಕಾಲು ತುಳೀತಾ ಇದೆ ಅನ್ನೋದೇ ಮರೆತುಹೋಗಿತ್ತು. ನೀವು ಎದ್ದು ಹೋದದ್ದೂ ಗೊತ್ತಾಗ್ಲಿಲ್ಲ. ದಾರ ಮುಗಿದ ಮೇಲೇ ಎಚ್ಚರ ಆಗಿದ್ದು. ಅದೇ ಗುಂಗಲ್ಲಿ ತೋಳಿನ ಬಾಯಿ ನೋಡದೇ ಮಡಿಸಿಟ್ಟುಬಿಟ್ಟೆ."

ಹದಿನಾಲ್ಕು ವರ್ಷದ ಟಿಕ್ಕುಗಳೆಲ್ಲ ಸೇರಿದರೂ ಈ ಒಂದು ಮಾತಿಗೆ ಸಮನಾಗುತ್ತಿರಲಿಲ್ಲ. ಕತೆಗಾರರು, "ಹೇಳಪ್ಪ, ಬರ್ಕೋತೀನಿ" ಎಂದು ಬಿಳಿ ಹಾಳೆ ತೆಗೆದರು.

ಟೈಲರಣ್ಣ ಹೇಳತೊಡಗಿದ. ಎಲ್ಲ ಅವರದೇ ಮಾತು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಟೀಚರಮ್ಮ ಬಂದರು, ಸಕ್ಕರೆ ಡಬ್ಬಿ ಬಂತು, "ಭಾರೀ ಗಟ್ಟಿ ಬೀಗ ಅಮ್ಮಾ" ಎಂದದ್ದೂ ಆಯಿತು. ಕತೆಗಾರರು ಕೆಳಗೆ ಗೆರೆ ಎಳೆಯಲು ಹೊರಟರು.

"ಇನ್ನೂ ಇದೆ ಸಾರ್" ಎಂದ ಟೈಲರಣ್ಣ ಸಂಕೋಚದಿಂದ. "ನೀವು ಅಲ್ಲಿಗೇ ನಿಲ್ಸಿದ್ರಿ. ಆಮೇಲೆ ಏನಾಗಿರ್ಬಹುದು ಅಂತ ಯೋಚ್ನೆ ಮಾಡ್ತಾ ಮಾಡ್ತಾನೇ ತೋಳು ಹೊಲಿದುಹೋಗಿದ್ದು. ಮುಂದಿನ ತಿಂಗಳು ಟೀಚರಮ್ಮ ಅವನನ್ನ ಕರೆಸಲ್ಲ. ಅವನು ಡಬ್ಬಿ ತೆರೆದದ್ದು ಹೇಗೋ ಗೊತ್ತಾಗಿ ನಾಚ್ಕೆ ಆಗಿರುತ್ತೆ ಅವರಿಗೆ. ಅವನು ನಾಲ್ಕು ದಿನ ಕಾಯ್ತಾನೆ. ಐದನೇ ದಿನ ತಾನೇ ಹೋಗಿ ಬಾಗಿಲು ತಟ್ಟಿ, 'ಅಮ್ಮಾ, ನನ್ನ ಮನೆ ಬೀಗದ ಕೈ ಕಳೆದುಹೋಗಿದೆ. ಸ್ವಲ್ಪ ಹೊತ್ತು ಇಲ್ಲಿ ಕೂತಿರ್ಲಾ?' ಅಂತಾನೆ."

ಕತೆಗಾರರ ಕೈ ಹಾಳೆಯ ಮೇಲೆ ಹಾಗೇ ಉಳಿಯಿತು.

ಟೈಲರಣ್ಣ ಗಾಬರಿಯಾಗಿ ಬಗ್ಗಿ ನೋಡಿದ. "ಯಾಕೆ ಸಾರ್ ಪೆನ್ನು ನಿಲ್ಸಿಬಿಟ್ರಿ? ಚೆನ್ನಾಗಿಲ್ವಾ?"