ಎರಡು ಕಣ್ಣಿನ ಡೆಪಾಸಿಟ್ಟು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ಫಜೀತಿಗಳು ಬರುತ್ತವೆ, ಬಂದವು ಊಟ ಮಾಡಿಕೊಂಡೇ ಹೋಗುತ್ತವೆ.

ತಿಪಟೂರಿನಲ್ಲಿ ಕಾಲೇಜು ಲೈಬ್ರರಿ ನೋಡಿಕೊಂಡು ನಿವೃತ್ತನಾದವನು ನಾನು. ಆ ಖುಷಿಗೆ ಒಂದು ಕಾರು ತಂದೆ. ಕೊಂಡದ್ದಲ್ಲ. ಮೊದಲು ಡೆಪಾಸಿಟ್ಟು ಇಟ್ಟು, ತಿಂಗಳು ತಿಂಗಳು ಕಂತು ಕಟ್ಟಿ, ಮೂರು ವರ್ಷ ಓಡಿಸಿ, ಫೈನಾನ್ಸಿನವರಿಗೇ ವಾಪಸ್ ಕೊಡುವ ಸ್ಕೀಮು. ಎರಡನೇ ವರ್ಷ ಮುಗಿಯುವುದರೊಳಗೆ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ‘ಆಪರೇಷನ್ ಆಗೋವರೆಗೂ ಸ್ಟೇರಿಂಗ್ ಮುಟ್ಟಬೇಡಿ’ ಎಂದರು ಡಾಕ್ಟರು. ಅವಧಿಗೆ ಮೊದಲೇ ಕಾರು ಒಪ್ಪಿಸಿಬಿಟ್ಟರೆ ಕೈಗೆ ಬರುವ ಡೆಪಾಸಿಟ್ಟು ಎರಡು ಕಣ್ಣಿಗೂ ಸರಿಯಾಗಿ ಸಾಕು. ಆದರೆ ಕಾರಿಗೆ ಪೆಟ್ಟು ಗಿಟ್ಟು ಆಗಿದ್ದರೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ನನ್ನ ಕಣ್ಣು ಕಾರಿನ ಮೈಮೇಲೆ ನಿಂತಿತ್ತು ಅನ್ನಿ.

೧. ಫಾರಮ್ಮು

ಫೈನಾನ್ಸ್ ಆಫೀಸಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

‘ನಮ್ಮವರು ಬಂದು ಗಾಡಿ ಪರೀಕ್ಷೆ ಮಾಡ್ತಾರೆ ಸರ್. ಅದಕ್ಕೆ ಮುಂಚೆ ನೀವೇ ಸುತ್ತ ಒಂದ್ಸಲ ನೋಡಿ, ಗೀರು, ತಗ್ಗು ಏನಿದ್ರೂ ಫಾರಮ್ಮಿನಲ್ಲಿ ಬರೆದು ಕಳಿಸಿ.’

‘ಕಣ್ಣು ಕಾಣಲ್ಲ ಅಂತಲೇ ಅಲ್ವೇನಮ್ಮ ಕಾರು ವಾಪಸ್ ಕೊಡ್ತಿರೋದು?’

‘ಹಾಗಾದ್ರೆ, ನನಗೆ ಯಾವ ಹಾನಿಯೂ ಕಾಣಿಸಲಿಲ್ಲ ಅಂತ ಬರೆದು ಸಹಿ ಹಾಕಿ ಸರ್.’

ಹಾಕಿದೆ. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾಗಿ ಇನ್ನೊಂದು ಸಹಿ ಹಾಕಿದವನಲ್ಲ.

೨. ಸ್ನಾನ

ಪರೀಕ್ಷೆಯವನು ಬರುವ ದಿನ ಬೆಳಿಗ್ಗೆ ನನ್ನ ಹೆಂಡತಿ, ‘ಹಿಂಗೆ ಧೂಳು ಹೊತ್ಕೊಂಡಿರೋದನ್ನ ತೋರಿಸಿದ್ರೆ ಅವ್ರು ಏನಂದ್ಕೋತಾರೆ?’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ಒಳಗೆ ಪೇಪರು ಹಿಡಿದುಕೊಂಡು, ದಪ್ಪಕ್ಷರದ್ದನ್ನಷ್ಟೇ ಓದುತ್ತಾ ಕೂತಿದ್ದೆ. ಹೊರಗಿನಿಂದ ಕರಕರ ಎಂದು ಸದ್ದು. ಹೋಗಿ ನೋಡಿದರೆ ಕಾರು ಬೆಳ್ಳಗೆ ಮಂಜುಮಂಜಾಗಿ ಕಂಡಿತು. ನನಗೆ ಎಲ್ಲವೂ ಹಾಗೇ ಕಾಣುತ್ತಿತ್ತಾದ್ದರಿಂದ, ‘ಭೇಷಾಗೈತೆ ಕಣೇ’ ಎಂದೆ.

‘ಆಗದೆ? ಹಿತ್ತಾಳೆ ಹಂಡೆ ತಿಕ್ಕಿದ ಕೈ ಕಣ್ರೀ ಇದು.’

ಕೈಯಲ್ಲಿ ತೆಂಗಿನ ನಾರಿತ್ತು. ಪಕ್ಕದಲ್ಲಿ ಬೂದಿ ಬಟ್ಟಲು. ನಮ್ಮ ಕಡೆ ಯಾವುದು ಹೊಳೆಯಬೇಕಾದರೂ ನಾರು, ಬೂದಿ. ಮೂರು ತಲೆಮಾರಿನಿಂದ ಆ ವಿದ್ಯೆ ಕೈಕೊಟ್ಟದ್ದಿಲ್ಲ. ಆದರೆ ಹಿಂದಿನ ಎರಡು ತಲೆಮಾರಿನಲ್ಲಿ ಕಾರಿರಲಿಲ್ಲ.

ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಮಂಡಿಗೆ ಹೊರಟವನು ನಿಂತ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

‘ಮೇಷ್ಟ್ರೇ, ಉಳುಮೆ ಆಗೈತೆ. ಇನ್ನು ರಾಗಿ ಚೆಲ್ಲೋದೊಂದೇ ಬಾಕಿ.’

೩. ಪಟ್ಟಿಯಲ್ಲಿಲ್ಲದ ಪೆಟ್ಟು

ಹನ್ನೊಂದಕ್ಕೆ ಪರೀಕ್ಷೆಯವನು ಬಂದ. ಸಣಕಲು ಮನುಷ್ಯ, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಟ್ಯಾಬು. ಹಗಲು ಹೊತ್ತಿನಲ್ಲೂ ಟಾರ್ಚು ಬಿಟ್ಟು ನೋಡುವವನನ್ನು ಕಂಡರೆ ನನಗೆ ಹೆದರಿಕೆ. ಲೈಬ್ರರಿಯಲ್ಲಿ ನಾನೂ ಹಾಗೇ ಒಂದೊಂದು ಪುಟ ಬೆಳಕಿಗೆ ಹಿಡಿದು ಹುಡುಗರಿಗೆ ದಂಡ ಹಾಕಿದವನು.

ಆ ಅನುಭವದ ಮೇಲೆ ವಾದ ಹೂಡಿದೆ. ‘ನೋಡಪ್ಪ, ಓದಿ ಓದಿ ಪುಸ್ತಕ ಸವೆದರೆ ನಾನು ದಂಡ ಹಾಕ್ತಿರಲಿಲ್ಲ. ಹರಿದರೆ ಮಾತ್ರ. ಇದು ಸವೆತ.’

ಅವನು ಬಾನೆಟ್ಟಿನ ಮೇಲೆ ಬೆರಳಾಡಿಸಿದ. ‘ಸವೆತ ಅಲ್ಲ ಸಾರ್. ಶಾಸನ.’

ಆಮೇಲೆ ಸ್ಟೂಲು ಕೇಳಿ ಹತ್ತಿ ಮೇಲ್ಭಾಗ ನೋಡಿದ. ಅಲ್ಲೊಂದು ತಗ್ಗು. ಶೆಟ್ಟಿಕೆರೆಯಲ್ಲಿ ನನ್ನ ಭಾವಮೈದುನನ ತೋಟಕ್ಕೆ ಹೋದಾಗ ನೆರಳಿದೆಯೆಂದು ಮರದ ಕೆಳಗೆ ನಿಲ್ಲಿಸಿದ್ದೆ. ‘ಕಾಯಿ ಬಿದ್ದಾತು ಕಣಪ್ಪ’ ಎಂದಿದ್ದಕ್ಕೆ, ‘ತೆಂಗಿನ ಮರಕ್ಕೆ ಕಣ್ಣೈತೆ ಭಾವ, ಮನುಷ್ಯರ ಮ್ಯಾಲೆ ಬೀಳಾಕಿಲ್ಲ’ ಎಂದ. ಕಾರಿನ ವಿಚಾರ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪರೀಕ್ಷೆಯವನು ಟ್ಯಾಬಿನಲ್ಲಿ ಹುಡುಕಿದ. ‘ಆಲಿಕಲ್ಲು ಅಂತ ಇದೆ. ಕಲ್ಲು, ಕ್ರಿಕೆಟ್ ಚೆಂಡು, ಮರದ ಕೊಂಬೆ ಇದೆ. ತೆಂಗಿನಕಾಯಿ ಇಲ್ಲ ಸಾರ್.’

‘ತಿಪಟೂರಿಗೆ ಪಟ್ಟಿ ತಂದಿದ್ದೀರಿ, ತೆಂಗಿನಕಾಯೇ ಇಲ್ಲವೇ?’

‘ಇತರೆ ಅಂತ ಹಾಕ್ತೀನಿ ಬಿಡಿ.’

ಸಮಾಧಾನವಾಯಿತು. ಒಂದು ಲೋಟ ಕಾಫಿ ಕುಡಿದ ಮೇಲೆ ಅವನು ಹೇಳಿದ: ‘ಇತರೆಗೆ ರೇಟು ಡಬಲ್ಲು ಸಾರ್.’

೪. ಬೀಳ್ಕೊಡುಗೆ

ಎಲ್ಲ ಕೂಡಿ ಕಳೆದು ಅವನು ಟ್ಯಾಬು ನನ್ನ ಮೂಗಿಗೆ ಹಿಡಿದ. ಅಂಕಿ ಕಾಣಲಿಲ್ಲ, ಬಾಯಲ್ಲಿ ಹೇಳಿಸಿಕೊಂಡೆ. ಒಂದು ಕಣ್ಣು ಹೋಗಿತ್ತು, ಒಂದು ಕಣ್ಣು ಉಳಿದಿತ್ತು. ಅವನು ಬೈಕು ಹತ್ತಿ ಹೋದ. ಎಡಗಣ್ಣು ಮಾಡಿಸುವುದೋ ಬಲಗಣ್ಣು ಮಾಡಿಸುವುದೋ ಎಂದು ಜಗುಲಿಯ ಮೇಲೆ ಯೋಚಿಸುತ್ತಾ ಕೂತೆ. ಅಷ್ಟರಲ್ಲಿ ಆಫೀಸಿನ ಡ್ರೈವರು ಬಂದು, ಕಾರನ್ನು ತುಮಕೂರಿಗೆ ಹೊಡೆದುಕೊಂಡು ಹೋದ.

ಸಂಜೆ ಅದೇ ಹುಡುಗಿಯ ಫೋನು. ‘ಸರ್, ಹಿಂದಿನ ಬಾಗಿಲು ಒಳಗಡೆಯಿಂದ ಉಬ್ಬಿದೆ. ಗಾಜು ಒಡೆದಿದೆ. ಡಿಕ್ಕಿ ತುಂಬ ತೆಂಗಿನಕಾಯಿ ಇದಾವೆ.’

ಹೆಂಡತಿಯ ಕಡೆ ತಿರುಗಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

‘ಆ ಟಾರ್ಚಿನವ್ರು ಹೋದ್ಮೇಲೆ ನಾನೇ ಹಾಕಿದ್ದು. ಒಬ್ಬರ ಮನೆ ಪಾತ್ರೆ ಬರಿದು ಮಾಡಿ ವಾಪಸ್ ಕಳಿಸ್ತಾರೇನ್ರೀ? ಮಜ್ಜಿಗೆ ಇಸ್ಕೊಂಡ ಚೆಂಬಿಗೂ ನಾಲ್ಕು ಅವರೆಕಾಯಿ ಹಾಕಿ ಕಳಿಸ್ತೀವಿ. ಎರಡು ವರ್ಷ ಅವ್ರ ಕಾರು ಇಟ್ಕೊಂಡು…’

‘ಚೀಲಕ್ಕಾದ್ರೂ ಹಾಕಿ ಬಾಯಿ ಕಟ್ಟಬಾರದಿತ್ತೇನೆ?’

‘ಚೀಲ ಕಟ್ಟಿದ್ರೆ ಅಳೆದು ಕೊಟ್ಟಂಗಿರ್ತದೆ. ಸುಲಿದ ಕಾಯಿ, ಧಾರಾಳವಾಗಿ ಸುರಿದೆ.’

ತಿಪಟೂರಿಂದ ತುಮಕೂರಿಗೆ ರಸ್ತೆಯಲ್ಲಿ ಎಷ್ಟು ಹಂಪುಗಳಿವೆ ಎಂದು ಮನಸ್ಸಿನಲ್ಲೇ ಎಣಿಸಿದೆ. ಫೋನಿನಲ್ಲಿ ಹುಡುಗಿ ಕಾಯುತ್ತಿದ್ದಳು.

‘ಕಾಯಿಗಳು ಏನಾದವಮ್ಮ?’

‘ಅವಕ್ಕೇನೂ ಆಗಿಲ್ಲ ಸರ್, ಎಲ್ಲರೂ ಹಂಚಿಕೊಂಡ್ವಿ. ತುಂಬ ಥ್ಯಾಂಕ್ಸ್. ಉಳಿದಿದ್ದ ಡೆಪಾಸಿಟ್ಟು ಬಾಗಿಲಿಗೆ, ಗಾಜಿಗೆ ಸರಿಹೋಗತ್ತೆ.’

ಫೋನು ಇಟ್ಟೆ. ‘ಇದ್ದ ಒಂದು ಕಣ್ಣೂ ಹೋಯ್ತು ಕಣೇ.’

ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ.

‘ಹೋಗ್ಲಿ ಬುಡಿ. ಎರಡೂ ಕಣ್ಣು ನೆಟ್ಟಗೆ ಕಾಣ್ತಿದ್ದಾಗಲೇ ಅಲ್ವಾ ನೀವು ಆ ಕಾರು ತಂದಿದ್ದು.’