ಹೊಗೆ ಕೊಳವೆಗೆ ಕಾಕಂಬಿ

ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ಉಳಿದ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಕೆಮ್ಮುತ್ತಿದ್ದರೆ ಮಹದೇವಯ್ಯನವರ ಮಳವಳ್ಳಿ–ಮದ್ದೂರು ಬಸ್ಸು ಮಾತ್ರ ಡೀಸೆಲ್ಲಿನದು. ದೋಷ ಒಂದೇ: ಹೊಗೆ ಕೊಳವೆ ಹಿಂದಿನ ಸೀಟಿನ ಕೆಳಗೆ ಹಾದುಹೋಗಿ, ಅಲ್ಲಿನ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಆ ಸೀಟು ಮಹದೇವಯ್ಯನವರ ತಾಯಿ ದೇವಿರಮ್ಮನವರದು. ಮದ್ದೂರಿನ ಮಗಳ ಮನೆಗೆ ಹೊರಟಾಗಲೆಲ್ಲ "ಕಾಲು ಬೆಂದೋಯ್ತು!" ಎಂದು ಅವರು ಎಬ್ಬಿಸುವ ಹುಯಿಲಿಗೆ ಪಕ್ಕದವರು ಎದ್ದು ಮುಂದಕ್ಕೆ ಓಡುತ್ತಿದ್ದರು.

"ನಮ್ಮವ್ವನ ಕಾಲೇನು ಗೆಣಸಾ, ಸುಟ್ಟು ತಿನ್ನಾಕೆ?" ಎಂದರು ಮಹದೇವಯ್ಯ, ಡ್ರೈವರ್ ವಾಜಿದನಿಗೆ. "ಇನ್ನೊಂದ್ ಕಿತ ಅವ್ವ ಕೂಗಿದ್ರೆ ಸ್ಟೇರಿಂಗು ಬೇರೆಯವನ ಕೈಗೆ."

ಕಾವು ಕೊಳವೆಯೊಳಗೇ ಉಳಿಯಬೇಕು. ಹೇಗೆ? ಕಂಡಕ್ಟರ್ ಚಿಕ್ಕಮಾದು ದಾರಿ ತೋರಿಸಿದ. "ಗೋಣಿ ಸುತ್ತಿ, ಆಲೆಮನೆ ಒಲೆ ಮಣ್ಣು ಮೆತ್ತಣ್ಣ. ಉದುರದಂಗೆ ಬೆಲ್ಲದ ಮಡ್ಡಿ, ಕಾಕಂಬಿ ಕಲಸು. ಆ ಅಂಟು ನಿನ್ ಮೊಮ್ಮಗನ ಕಾಲಕ್ಕೂ ಬುಡಲ್ಲ."

ವಾಜಿದ್ ರಾತ್ರಿಯೇ ಕಲಸಿ ಮೆತ್ತಿದ. ಮರುದಿನ ಬೆಳಿಗ್ಗೆ ದೇವಿರಮ್ಮನವರನ್ನು ಹತ್ತಿಸಿಕೊಂಡ ಬಸ್ಸು ಊರು ದಾಟುತ್ತಲೇ ಕಾಕಂಬಿ ಕುದಿಯಿತು. ಬಸ್ಸಿನ ತುಂಬ ಬೆಲ್ಲದ ಘಮಲು.

"ಯಾರ್ಲಾ ಬೆಲ್ಲ ಬಚ್ಚಿಟ್ಕಂಡಿರೋದು?" ಎಂದು ಅಂಕಯ್ಯ ಎಂಬ ದಢೂತಿ ಪ್ರಯಾಣಿಕ ಪಕ್ಕದ ಇಂದ್ರಮ್ಮನ ಗಂಟಿಗೆ ಕೈಹಾಕಿದ. ಇಂದ್ರಮ್ಮ ಅದೇ ಗಂಟಿನಿಂದ ಅವನ ತಲೆಗೆ ಬಾರಿಸಿದಳು. ನೊಣ, ಕಡಜಗಳು ಟಿಕೆಟ್ಟಿಲ್ಲದೆ ಹತ್ತಿದವು. ನಾಯಿಗಳು ದಿಬ್ಬಣದಂತೆ ಹಿಂಬಾಲಿಸಿದವು. ಕಾಳಮುದ್ದನದೊಡ್ಡಿಯಲ್ಲಿ ಇಬ್ಬರು ಚೊಂಬು ಹಿಡಿದು, "ಪಾಕ ಇಳ್ಸಿದ್ರಾ?" ಎನ್ನುತ್ತಾ ಬಂದರು. ಅಷ್ಟರಲ್ಲಿ ಗೋಣಿ ಹೊಗೆಯಾಡಿತು. "ಬೆಂಕಿ!" ಎಂದು ಇಂದ್ರಮ್ಮ ಕೆಳಗಿಳಿದು ತನ್ನ ಮಜ್ಜಿಗೆ ಗಡಿಗೆಯನ್ನೇ ಕೊಳವೆಯ ಮೇಲೆ ಸುರಿದಳು.

ಆದರೂ ದೇವಿರಮ್ಮ ತುಟಿ ಬಿಚ್ಚಲಿಲ್ಲ. ಮದ್ದೂರಿನಲ್ಲಿ ವಾಜಿದ್ ತಗಡು ಮುಟ್ಟಿ ನೋಡಿದ. ಬಾವಿಕಟ್ಟೆಯಷ್ಟು ತಣ್ಣಗೆ!

"ಈಗ ಹಿತವಾಯ್ತಾ ಅಮ್ಮೋರೇ?"

"ಹಿತವಾ? ಹಾಳು ಮಾಡ್ಬುಟ್ಟಲ್ಲೋ!" ದೇವಿರಮ್ಮ ಮಂಡಿ ಹಿಡಿದುಕೊಂಡರು. "ಈ ಮಂಡಿನೋವಿಗೆ ಆ ಕಾವೇ ಔಸ್ದಿ ಕಣ್ಲಾ. ಅದುಕ್ಕೇ ವಾರಕ್ಕೆರಡು ಕಿತ ಬತ್ತೀನಿ. ಇಲ್ದಿದ್ರೆ ಆ ಅಳಿಯನ ಮಕ ಯಾರು ನೋಡ್ತಾರೆ?"

"ಮತ್ತೆ, ಸುಡ್ತದೆ ಅಂತ ಕೂಗ್ತಿದ್ರಲ್ಲ?"

"ಕೂಗ್ದಿದ್ರೆ ಕಾಲು ಚಾಚಾಕೆ ಜಾಗ ಬುಟ್ಟಾರಾ? ಸಾಯಂಕಾಲಕ್ಕೆ ಅದನ್ನ ಕಿತ್ತಾಕು. ಇಲ್ಲ ಅಂದ್ರೆ ಕಾಲು ಸೀತಕ್ಕೆ ಮರಗಟ್ತು ಅಂತ ಕೂಗ್ತೀನಿ."

ಮಣ್ಣು ಸುಟ್ಟು ಇಟ್ಟಿಗೆಯಾಗಿತ್ತು. ವಾಜಿದ್ ಮಧ್ಯಾಹ್ನವೆಲ್ಲ ಬಸ್ಸಿನಡಿ ಮಲಗಿ ಸುತ್ತಿಗೆಯಲ್ಲಿ ಕುಟ್ಟಿದ.

"ಬುಡಲ್ಲ ಅಂದಿರ್ಲಿಲ್ವಾ?" ಎಂದ ಚಿಕ್ಕಮಾದು, ಹೆಮ್ಮೆಯಿಂದ.

ಸಂಜೆ, ಕೊಳವೆ ಬೋಳಾಗಿತ್ತು. ಕೆಲಸದ ಮೇಲೆ ಮದ್ದೂರಿಗೆ ಬಂದಿದ್ದ ಮಹದೇವಯ್ಯ, "ಅವ್ವ ಇವತ್ತು ಕೂಗ್ಲೇ ಇಲ್ವಂತೆ, ಭೇಷ್!" ಎಂದು ವಾಜಿದನ ಬೆನ್ನು ತಟ್ಟಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ದೇವಿರಮ್ಮ ಕಾಲು ಚಾಚಿ ಕಣ್ಣು ಮುಚ್ಚಿದರು. ಅಷ್ಟರಲ್ಲಿ ಅಂಕಯ್ಯ ಬಂದು, "ವಸಿ ಸರ್ಕೊಳ್ಳವ್ವ" ಎಂದ.

"ಅಯ್ಯಯ್ಯೋ, ಕಾಲು ಬೆಂದೋಯ್ತು!"

ಮಹದೇವಯ್ಯ ಕೆಂಗಣ್ಣು ಬಿಟ್ಟು ವಾಜಿದನತ್ತ ತಿರುಗಿದರು.

"ಸಾವ್ಕಾರ್ರೇ, ಎಂಜಿನ್ನು ಇನ್ನೂ ಸುರುನೇ ಆಗಿಲ್ಲ!"

"ಸುರುವಾಗ್ದೇನೇ ಇಷ್ಟು ಸುಡ್ತದಾ? ಇಳೀಲಾ ಕೆಳಕ್ಕೆ!"