ತಗ್ಗು ಕಾರು, ತುಂಬಿದ ಲೋಟ

ಇಂಥವೆಲ್ಲ ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ. ಬೇರೆಯವರು ಕಾರು ಕೊಂಡರೆ ಅದರಲ್ಲಿ ಊರು ಸುತ್ತುತ್ತಾರೆ. ನಾನು ಕೊಂಡರೆ ಊರಿಗೆಲ್ಲ ನಗು ಹಂಚುತ್ತೇನೆ.

ನಾನು ವಿಮೆ ಕಚೇರಿಯವನು. ಅರ್ಜಿಯಲ್ಲಿ ವಯಸ್ಸು, ಕಾಯಿಲೆ, ತೂಕ ಸುಳ್ಳು ಬರೆದವರನ್ನು ಹಿಡಿಯುವುದೇ ಇಷ್ಟು ವರ್ಷ ನಾನು ಮಾಡಿದ ಕೆಲಸ. ಆ ಫೈಲುಗಳ ನಡುವೆ ಕೂತು ಒಂದೇ ಒಂದು ಕನಸು ಕಾಣುತ್ತಿದ್ದೆ. ಭಾನುವಾರದ ಬೆಳಗ್ಗೆ, ಎರಡೇ ಸೀಟಿನ ಕೆಂಪು ಕಾರು, ಹಲಸೂರು ಕೆರೆಯ ಕಡೆಯಿಂದ ಬರುವ ತಂಗಾಳಿ, ಪಕ್ಕದಲ್ಲಿ ಹೆಂಡತಿ, ಅವಳ ಮುಂಗುರುಳು ಹಾರುತ್ತಿರಬೇಕು. ಇಷ್ಟೇ. ಐವತ್ತನಾಲ್ಕನೇ ವಯಸ್ಸಿನಲ್ಲಿ, ಮೂರು ಕೈ ದಾಟಿ ಬಂದ ಒಂದು ಹಳೇ ಸ್ಪೋರ್ಟ್ಸ್ ಕಾರು ಕೊಂಡೇಬಿಟ್ಟೆ. ಕಾರು ಬಂತು. ಹೆಂಡತಿ ಪಕ್ಕದಲ್ಲಿ ಕೂರುವುದೊಂದು ಬಾಕಿ ಉಳಿಯಿತು.

ಸಾರಿನ ಪ್ರಸಂಗ

ಕೂರಲೇ ಇಲ್ಲ ಅಂತಲ್ಲ, ಒಂದು ಸಲ ಕೂತಿದ್ದಳು. ಕಮ್ಮನಹಳ್ಳಿಯಲ್ಲಿರುವ ತನ್ನ ತಂಗಿಯ ಮನೆಗೆಂದು ತೊಡೆಯ ಮೇಲೆ ಸಾರಿನ ಡಬ್ಬಿ ಇಟ್ಟುಕೊಂಡು ಹೊರಟಳು. ಕಾರಿನ ಶಾಕ್ ಅಬ್ಸಾರ್ಬರ್‌ಗಳು ಯಾವಾಗಲೋ ಪ್ರಾಣ ಬಿಟ್ಟಿದ್ದವು. ಮೊದಲನೇ ಗುಂಡಿಗೆ ಮುಚ್ಚಳ ಎದ್ದಿತು. ಎರಡನೆಯದಕ್ಕೆ ಸಾರು ಎದ್ದಿತು. ಮೂರನೆಯದಕ್ಕೆ ಅವಳೇ ಎದ್ದು ತಲೆಯನ್ನು ಕಾರಿನ ಚಾವಣಿಗೆ ಹೊಡೆಸಿಕೊಂಡಳು.

"ನಿಲ್ಸಿ ರೀ," ಅಂದಳು. ಹೊಸ ಸೀರೆಯ ಮೇಲೆ ತೊಗರಿಬೇಳೆ, ಕರಿಬೇವು ಎಲ್ಲ ಇತ್ತು. ಅಲ್ಲೇ ಇಳಿದು ಆಟೋ ಹಿಡಿಯುವ ಮುಂಚೆ ಷರತ್ತು ಹಾಕಿದಳು. "ಕಂಠದ ತನಕ ತುಂಬಿದ ಕಾಫಿ ಲೋಟ ತೊಡೆ ಮೇಲಿಟ್ಕೊಂಡು ಕೂರ್ತೀನಿ. ಒಂದು ಹನಿ ಚೆಲ್ಲಬಾರ್ದು. ಆ ಥರ ಮಾಡ್ಸಿ, ಆಮೇಲೆ ಕರೀರಿ."

ತಂಗಿ ಮನೆಯಿಂದ ರಾತ್ರಿ ಫೋನು ಬಂತು. "ಭಾವ, ಡಬ್ಬೀಲಿ ಒಂದು ಟೊಮೇಟೊ ಇದೆ. ಇದಕ್ಕೆ ಏನಂತೀರಿ ನಿಮ್ಮಲ್ಲಿ?"

ಉಸ್ತಾದರು ಕೇಳಿದ ಪ್ರಶ್ನೆ

ಪುಲಿಕೇಶಿನಗರದಲ್ಲಿ ಒಬ್ಬ ಮೆಕ್ಯಾನಿಕ್ ಉಸ್ತಾದರಿದ್ದಾರೆ. ಅರವತ್ತು ದಾಟಿದ ಕಡ್ಡಿಯಂಥ ಮನುಷ್ಯ. ಕುಲುಕಾಟ ತಡೆಯುವ ಸಸ್ಪೆನ್ಷನ್ ಕೆಲಸ ಬಿಟ್ಟರೆ ಇನ್ನೊಂದು ಮುಟ್ಟುವುದಿಲ್ಲ. ನನ್ನ ಮುಂದೆ ಮೂರು ಜೊತೆ ಸ್ಪ್ರಿಂಗು ಇಟ್ಟರು. ಒಂದು ಗಟ್ಟಿ, ಒಂದು ಮೆತ್ತಗೆ, ಇನ್ನೊಂದರಲ್ಲಿ ನಾಲ್ಕು ಮೂಲೆಯ ಎತ್ತರವನ್ನೂ ಬೇರೆಬೇರೆಯಾಗಿ ತಿರುಗಿಸಿ ಹೊಂದಿಸಬಹುದು.

"ಎಂಥ ರೋಡಲ್ಲಿ ಓಡಿಸ್ತೀರಿ ಸಾಬ್?"

ನಾನು ಕಣ್ಣು ಅರ್ಧ ಮುಚ್ಚಿದೆ. "ನುಣ್ಣನೆ ರೋಡು. ಎರಡೂ ಕಡೆ ಮರ. ಮೆಲ್ಲಗೆ ಒಂದು ತಿರುವು, ಆಮೇಲೆ ಇನ್ನೊಂದು. ಎದುರಿಗೆ ಒಂದು ಗಾಡಿ ಇಲ್ಲ. ಎಲೆ ಬಿದ್ದ ಸದ್ದು ಕೇಳ್ಬೇಕು."

ಉಸ್ತಾದರು ಸ್ಪ್ಯಾನರ್ ಕೆಳಗಿಟ್ಟರು. "ಅಡ್ರೆಸ್ ಕೊಡಿ ಸಾಬ್. ಗ್ಯಾರೇಜ್ ಮುಚ್ಚಿ ನಾನೂ ಅಲ್ಲಿಗೇ ಬಂದ್ಬಿಡ್ತೀನಿ."

ಹಂಪು ಕಟ್ಟಿಸಿದವರು

ಮೂರನೇ ಜೊತೆಯೇ ಆಯಿತು. ಆದರೆ ಕಾರು ನೆಲಕ್ಕೆ ತಗ್ಗಿ ಕೂರಬೇಕು ಎಂದು ನಾನು ಹಟ ಹಿಡಿದೆ. ತಗ್ಗಿಲ್ಲದ ಸ್ಪೋರ್ಟ್ಸ್ ಕಾರು ನನ್ನ ಕನಸಿನಲ್ಲಿ ಬಂದೇ ಇರಲಿಲ್ಲ. "ಹಾಗಾದ್ರೆ ನಿಮ್ಮ ಬೀದಿ ನೋಡ್ಬೇಕು," ಎಂದು ಉಸ್ತಾದರು ಸ್ಕೂಟರ್ ಹತ್ತಿ ಜೀವನ್ ಬಿಮಾ ನಗರದ ನಮ್ಮ ಮನೆಗೇ ಬಂದರು.

ನಮ್ಮ ಗೇಟಿನಿಂದ ಎರಡು ಮನೆ ಆಚೆ, ಗಾಡಿಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡವಾಗಿ ಕಟ್ಟಿದ ಒಂದು ಹಂಪು ಇದೆ. ಉಸ್ತಾದರು ಅದರ ಮುಂದೆ ಮೊಣಕಾಲೂರಿ ಕೂತು ಸ್ಕೇಲಿಟ್ಟು ಅಳೆದರು. ನಂಬಿಕೆ ಬರದೆ ಇನ್ನೊಮ್ಮೆ ಅಳೆದರು.

"ಯಾರು ಸಾಬ್ ಇದನ್ನ ಕಟ್ಸಿದ್ದು? ಅವರಿಗೇನು ಕಾರಿನ ಮೇಲೆ ದ್ವೇಷಾನಾ?"

ನಾನು ತಲೆಯೆತ್ತಿ ಹೊಂಗೆ ಮರದಲ್ಲಿ ಕೂತ ಹಕ್ಕಿಯನ್ನು ನೋಡತೊಡಗಿದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಡತಿ ಬಗ್ಗಿ ಹೇಳಿದಳು: "ಇವರೇ ಕಟ್ಸಿದ್ದು! ಬೀದಿ ಸಂಘದ ಸೆಕ್ರೆಟರಿ ಆಗಿದ್ದಾಗ. ಕೆಲಸದೋರು ಸಾಕು ಸಾರ್ ಅಂದ್ರೂ, ಇನ್ನೊಂದು ಬಾಂಡ್ಲಿ ಸುರೀರಪ್ಪ ಅಂತ ನಿಂತಿದ್ರು!"

ದಮ್ಮಿಗೆ ಹೋದ ಮೇಡಂ

ಹಂಪಿಗೂ ಕಾರಿನ ಹೊಟ್ಟೆಗೂ ನಡುವೆ ಒಂದೇ ಬೆರಳಿನ ಜಾಗ ಉಳಿಯುವ ಹಾಗೆ ಎತ್ತರ ಹೊಂದಿಸುವುದು ಎಂದು ತೀರ್ಮಾನವಾಯಿತು. ಅದಕ್ಕೆ ಕೂರುವವರ ತೂಕ ಬೇಕು.

"ಕರೆಕ್ಟಾಗಿ ಹೇಳ್ಬೇಕು," ಅಂದರು ಉಸ್ತಾದರು.

"ಎಪ್ಪತ್ತು," ಅಂದೆ ನಾನು. ಅಷ್ಟರಲ್ಲಿ ಕೆಳಗಿಳಿದು ಬಂದಿದ್ದ ಹೆಂಡತಿ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನಂದು ಅರವತ್ತೊಂಬತ್ತು," ಅಂದಳು. ಹೆಂಗಸರು ಇಷ್ಟು ನೇರವಾಗಿ ತೂಕ ಹೇಳಬಹುದು ಎಂದು ನನಗೆ ಗೊತ್ತಿರಲಿಲ್ಲ.

ಉಸ್ತಾದರ ಪದ್ಧತಿ ಏನೆಂದರೆ, ಗ್ಯಾರೇಜ್ ಪಕ್ಕದ ಬಿರಿಯಾನಿ ಹೋಟೆಲಿನಿಂದ ಅಕ್ಕಿ ಮೂಟೆ ತಂದು ನಮ್ಮ ತೂಕಕ್ಕೆ ಸರಿಯಾಗಿ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ಆಮೇಲೆ ಒಂದೊಂದೇ ಮೂಲೆಯನ್ನು ತಿರುಗಿಸಿ ಹೊಂದಿಸುವುದು. ಎರಡು ದಿನದ ಕೆಲಸ. ಮಾರನೇ ದಿನ ಮಧ್ಯಾಹ್ನ ಆಫೀಸಿಗೆ ಫೋನು ಬಂತು. ನನ್ನದು ಸ್ಪೀಕರಿನಲ್ಲಿತ್ತು.

"ಸಾಬ್, ಮೇಡಂನ ಹೋಟ್ಲೋರು ಎತ್ಕೊಂಡು ಹೋದ್ರು! ಮದುವೆ ಆರ್ಡರ್ ಅಂತೆ. ನಾನು ಬೇಡ ಬೇಡ ಅನ್ನೋದ್ರೊಳಗೆ ಬಿರಿಯಾನಿ ದಮ್ಮಿಗೆ ಹಾಕ್ಬಿಟ್ರು!"

ಇಡೀ ವಿಭಾಗ ಪೆನ್ನು ಕೆಳಗಿಟ್ಟಿತು. ಸಂಜೆ ಉಸ್ತಾದರು ಹೊಸ ಮೂಟೆ ಕೂರಿಸಿ, ಹೋಟೆಲಿನವರು ತಪ್ಪಾಯ್ತೆಂದು ಕೊಟ್ಟ ಬಿರಿಯಾನಿ ಪೊಟ್ಟಣವನ್ನು ನನಗೆ ಕೊಟ್ಟು ಕಳಿಸಿದರು. ಹೆಂಡತಿ ಎರಡು ಸಲ ಬಡಿಸಿಕೊಂಡಳು. "ಅನ್ನ ಎಷ್ಟು ಚೆನ್ನಾಗಿದೆ ರೀ! ಯಾವ ಅಕ್ಕಿ?" ಅಂತ ಕೇಳಿದಳು. ನೀನೇ ಕಣೇ ಅನ್ನೋದು ಬಾಯಿಗೇ ಬಂದಿತ್ತು, ತುತ್ತಿನ ಜೊತೆ ನುಂಗಿದೆ.

ಮೋಡದ ಮೇಲೆ

ಗುರುವಾರ ಉಸ್ತಾದರೇ ಕಾರನ್ನು ಮನೆಗೆ ತಂದು ನಿಲ್ಲಿಸಿದರು. ಕಾರು ಹಂಪನ್ನು ಸದ್ದಿಲ್ಲದೆ ದಾಟಿತು. ಬಾನೆಟ್ ಎತ್ತಿದರೆ ಎರಡು ತಿರುಪುಗಳಿವೆ, ಎಡಕ್ಕೆ ತಿರುಗಿಸಿದರೆ ಕುಲುಕಾಟ ಮೆತ್ತಗೆ, ಬಲಕ್ಕೆ ಗಟ್ಟಿ. ಎರಡು ಸಂಜೆ ನಾನು ಅದನ್ನೇ ತಿರುಗಿಸುತ್ತ, ಕಾರನ್ನು ಕೈಯಿಂದ ಅದುಮಿ ನೋಡುತ್ತ ಕಳೆದೆ. ಒಂದೊಂದು ತಿರುವಿಗೂ ಕಾರು ಹತ್ತಿಯಾಯಿತು, ಬೆಣ್ಣೆಯಾಯಿತು, ಕೊನೆಗೆ ಮೋಡವೇ ಆಯಿತು. ಕಣ್ಣು ಮುಚ್ಚಿದರೆ ಕೆರೆಯ ಗಾಳಿ ಮುಖಕ್ಕೆ ತಾಗುತ್ತಿತ್ತು. ಉಸ್ತಾದರಿಗೆ ಫೋನು ಮಾಡಿ, "ಸ್ವರ್ಗ ಸಿಕ್ತು ಉಸ್ತಾದ್," ಅಂದೆ.

"ಖುಷಿ ಆಯ್ತು ಸಾಬ್. ಆದ್ರೆ ಆ ತಿರುಪನ್ನ ನಾನು ಒಳಗಡೆ ಲಾಕ್ ಮಾಡಿಟ್ಟಿದ್ದೀನಿ. ನೀವು ತಿರುಗಿಸ್ತಿರೋದು ಬರೀ ಮುಚ್ಚಳ."

ಭಾನುವಾರ

ಬೆಳಗ್ಗೆ ಆರೂವರೆ. ಎಳೆಬಿಸಿಲು ಹೊಂಗೆ ಎಲೆಗಳ ನಡುವೆ ಸೋಸಿ ಬರುತ್ತಿತ್ತು. ಹೆಂಡತಿ ಇಳಕಲ್ ಸೀರೆಯುಟ್ಟು, ಕಂಠಮಟ್ಟ ತುಂಬಿದ ಕಾಫಿ ಲೋಟ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಕಾರು ಹೊರಟಿತು. ಮೊದಲನೇ ಮನೆ ದಾಟಿತು. ಕಾಫಿ ಅಲುಗಲಿಲ್ಲ. ಎರಡನೇ ಮನೆ. ಅಲುಗಲಿಲ್ಲ. ಅವಳು ಲೋಟ ನೋಡಿ, ನನ್ನನ್ನು ನೋಡಿ, ಸಣ್ಣಗೆ ನಕ್ಕಳು. ಆ ನಗುವಿಗೆ ಇನ್ನೊಂದು ಕಾರು ಕೊಳ್ಳಬಹುದಿತ್ತು.

ಹಂಪು ಬಂತು. ಕರ್‌ರ್ ಎಂದು ನನ್ನ ಕಾಲಡಿ ಕಾರಿನ ಹೊಟ್ಟೆ ಕೆರೆಯಿತು. ಕಾರು ನಿಂತಿತು. ನಾನು ಗಾಬರಿಯಿಂದ ಉಸ್ತಾದರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಯಾರ ಕಡೆ ತಾಗ್ತಿದೆ ಸಾಬ್? ಮೇಡಂ ಕಡೆನಾ?"

"ನನ್ನ ಕಡೆ."

"ಸಾಬ್, ತಪ್ಪು ತಿಳ್ಕೋಬೇಡಿ. ನೀವು ನಿಜವಾಗ್ಲೂ ಎಪ್ಪತ್ತಾ?"

"ಎಂಬತ್ತೆಂಟು, ಉಸ್ತಾದ್," ಅಂದಳು ಹೆಂಡತಿ. "ಆಫೀಸಿನ ಮೆಡಿಕಲ್ ರಿಪೋರ್ಟ್ ಬೀರುವಿನಲ್ಲಿದೆ. ಊರೋರು ತೂಕ ಸುಳ್ಳು ಬರೆದ್ರೆ ಇವರು ಫೈಲ್ ವಾಪಸ್ ಕಳಿಸ್ತಾರೆ."

"ಹಾಗಾದ್ರೆ ಕಾರಲ್ಲಿ ಏನೂ ತಪ್ಪಿಲ್ಲ ಮೇಡಂ. ಆ ಸೀಟಿಗೆ ಎಪ್ಪತ್ತು ಕೇಜಿಯೋರು ಕೂತ್ರೆ ಆರಾಮಾಗಿ ದಾಟತ್ತೆ."

ಹೆಂಡತಿ ಲೋಟವನ್ನು ನನ್ನ ಕೈಗಿಟ್ಟಳು. ಇಳಿದು ಸುತ್ತಿ ಬಂದು ನನ್ನ ಬಾಗಿಲು ತೆಗೆದಳು. "ಇಳೀರಿ."

ನನಗಿಂತ ಮೊದಲೇ ಡ್ರೈವಿಂಗ್ ಕಲಿತವಳು. ಹಿಂದಕ್ಕೆ ತೆಗೆದು, ಮೆಲ್ಲಗೆ ಬಂದು, ಹಂಪನ್ನು ಸದ್ದಿಲ್ಲದೆ ದಾಟಿದಳು. ಕೆಂಪು ಕಾರು ಮರಗಳ ನೆರಳಿನಲ್ಲಿ ತೇಲಿಕೊಂಡು ಹೋಯಿತು. ಅವಳ ಮುಂಗುರುಳು ಹಾರುತ್ತಿತ್ತು. ಎಲ್ಲ ನಾನು ಕಂಡ ಕನಸಿನ ಹಾಗೆಯೇ ಇತ್ತು, ಅದರಲ್ಲಿ ನಾನೊಬ್ಬ ಇರಲಿಲ್ಲ. ತಿರುವಿನಲ್ಲಿ ನಿಲ್ಲಿಸುತ್ತಾಳೆ ಅಂದುಕೊಂಡೆ. ನಿಲ್ಲಿಸಲಿಲ್ಲ.

ಮುಕ್ಕಾಲು ಗಂಟೆ ಬಿಟ್ಟು ಬಂದಳು. ನಾನು ಹಂಪಿನ ಮೇಲೆ ಕೂತೇ ಇದ್ದೆ.

"ಕೆರೆ ಹತ್ರ ಎಷ್ಟು ತಂಪಾಗಿದೆ ಗೊತ್ತಾ! ಕೂತ್ಕೊಳ್ಳಿ ಬನ್ನಿ," ಅಂದಳು. ನಾನು ಓಡಿಹೋಗಿ ಪಕ್ಕದ ಬಾಗಿಲಿಗೆ ಕೈ ಹಾಕಿದೆ. "ಇಲ್ಲಲ್ಲ ರೀ, ಹಂಪು ದಾಟಿದ್ಮೇಲೆ."

ಅವಳು ದಾಟಿದಳು. ನಾನು ನಡೆದು ದಾಟಿದೆ. ಆಮೇಲೆ ಹತ್ತಿ ಕೂತೆ. ಅಲ್ಲಿಂದ ನಮ್ಮ ಗೇಟಿಗೆ ಎರಡೇ ಮನೆ. ಆ ಎರಡು ಮನೆಯಷ್ಟು ದೂರ ನನ್ನ ಹೆಂಡತಿಯ ಪಕ್ಕದಲ್ಲಿ, ನನ್ನ ಸ್ಪೋರ್ಟ್ಸ್ ಕಾರಿನಲ್ಲಿ, ತಣ್ಣಗಾದ ಕಾಫಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಒಂದು ಹನಿಯೂ ಚೆಲ್ಲಲಿಲ್ಲ.